ಅಪ್ಪನ ಕ್ಯಾಮೆರಾದ ತವರೂರಿನಲ್ಲಿ

ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಲ್ಲರ ಚೀಲಗಳೂ ಮುಂದೆ ಹೋದವು, ನನ್ನದು ಮಾತ್ರ ಪಕ್ಕಕ್ಕೆ ಸರಿಯಿತು. "ಇದರಲ್ಲೇನಿದೆ ಅಜ್ಜಾ?" ಎಂದು ಸಮವಸ್ತ್ರದ ಹುಡುಗ ಕೇಳಿದ. "ಕ್ಯಾಮೆರಾ" ಎಂದೆ. ಅವನು ನಂಬಲಿಲ್ಲ. ಕಪ್ಪು ಚರ್ಮ ಹೊದಿಸಿದ, ದಪ್ಪ ಪುಸ್ತಕದಷ್ಟು ದೊಡ್ಡ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಮುಂದಿನ ಬಾಗಿಲು ತೆರೆದೆ. ಲೆನ್ಸನ್ನು ಹಿಡಿದು ಎಳೆದಾಗ ಹಾರ್ಮೋನಿಯಂ ತಿದಿಯಂತೆ ಕಪ್ಪು ಮಡಿಕೆಗಳು ಬಿಚ್ಚಿಕೊಂಡವು. ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಹುಡುಗ ನಕ್ಕು, "ಇದರಲ್ಲಿ ಸೆಲ್ಫಿ ಬರುತ್ತಾ?" ಎಂದ. "ಬರುತ್ತಪ್ಪ, ಆದರೆ ತೆಗೆಯುವವನು ಬೇರೆ ಬೇಕು" ಎಂದೆ.

ನಾನು, ನನ್ನಾಕೆ ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಹೊರಟಿದ್ದೆವು. ಮಗಳು ಅಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಹತ್ತು ವರ್ಷದ ಮೊಮ್ಮಗಳು ಪುಟ್ಟಿ ಅಲ್ಲಿಯೇ ಶಾಲೆಗೆ ಹೋಗುತ್ತಾಳೆ. ಕ್ಯಾಮೆರಾ ಏಕೆ ಹೊತ್ತುಕೊಂಡು ಹೋದೆ ಎಂದರೆ, ಅದರ ಚರ್ಮದ ಮೇಲೆ ಒತ್ತಿದ ಅಕ್ಷರಗಳಲ್ಲಿ ಎರಡೇ ಪದಗಳಿದ್ದವು: 'ಎರ್ನೆಮಾನ್, ಡ್ರೆಸ್ಡೆನ್'. ಹುಟ್ಟಿದ ಊರಿಗೇ ನಾವು ಹೋಗುತ್ತಿರುವಾಗ ಅದನ್ನು ಟ್ರಂಕಿನಲ್ಲಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. "ತವರಿಗೆ ಹೋಗೋದು ನಾನಲ್ಲ, ನಿಮ್ಮ ಡಬ್ಬಿ" ಎಂದು ನನ್ನಾಕೆ ಹಾಸ್ಯ ಮಾಡಿದಳು.

ಎರಡು ಬಳೆ ಕೊಟ್ಟು ತಂದದ್ದು

ಈ ಕ್ಯಾಮೆರಾ ನನ್ನ ಅಪ್ಪನದು. ಅಪ್ಪ ಸಾಗರದಲ್ಲಿ ಶಾಲಾ ಮೇಷ್ಟ್ರು. 1947ರಲ್ಲಿ ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಯೊಬ್ಬ ಊರಿಗೆ ಹಿಂದಿರುಗುವಾಗ ಮನೆ ಸಾಮಾನು ಮಾರಿದನಂತೆ. ಅಪ್ಪ ಅಮ್ಮನ ಎರಡು ಚಿನ್ನದ ಬಳೆ ಕೊಟ್ಟು ಬಂದ ದುಡ್ಡಿನಲ್ಲಿ ಇದನ್ನು ತಂದರು. "ಜೈಸ್ ಲೆನ್ಸು ಕಣೇ, ಸಾಮಾನ್ಯದ್ದಲ್ಲ" ಎಂದು ಅಮ್ಮನನ್ನು ಸಮಾಧಾನ ಮಾಡಿದರಂತೆ. ಅಮ್ಮ ಮಾತ್ರ ಕೊನೆಯವರೆಗೂ "ನನ್ನ ಬಳೆ ಕೊಟ್ಟು ಗಾಜು ತಂದರು" ಎಂದೇ ಹೇಳುತ್ತಿದ್ದಳು.

ಇದರಲ್ಲಿ ಫಿಲಂ ಸುರುಳಿ ಇಲ್ಲ. 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದದ ಗಾಜಿನ ತಟ್ಟೆಯೇ ಫಿಲಂ. ಒಂದು ತಟ್ಟೆಗೆ ಒಂದೇ ಚಿತ್ರ. ಅಪ್ಪ ಮಾರಿಕಾಂಬಾ ಜಾತ್ರೆ, ಜೋಗದ ನೀರು, ನೆಂಟರ ಮಕ್ಕಳು ಎಲ್ಲವನ್ನೂ ಇದರಲ್ಲಿ ಹಿಡಿದರು. ಕಪ್ಪು ಬಟ್ಟೆಯೊಳಗೆ ಅಪ್ಪನ ತಲೆ ಮಾಯವಾಗಿ, ಹೊರಗೆ ಬರೀ ಪಂಚೆ ಕಾಣುವುದು ನಮಗೆಲ್ಲ ನಗೆಯ ವಿಷಯವಾಗಿತ್ತು.

ಆಗ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಹೊಳೆದಂಡೆಯ ಹಳ್ಳಿಗಳೆಲ್ಲ ಮುಳುಗಲಿದ್ದವು. ಅಮ್ಮನ ತವರುಮನೆಯೂ ಅವುಗಳಲ್ಲಿ ಒಂದು. "ನೀರು ಬರುವ ಮೊದಲು ನಿನ್ನ ತವರುಮನೆಯ ಫೋಟೊ ತೆಗೆದುಕೊಡುತ್ತೇನೆ. ನಿನ್ನ ಬಳೆಯ ಸಾಲ ತೀರುತ್ತದೆ" ಎಂದು ಅಪ್ಪ ಮಾತು ಕೊಟ್ಟಿದ್ದರು. 1963ರ ಬೇಸಿಗೆಯಲ್ಲಿ ಅಕ್ಕನ ಮದುವೆ. ಮದುವೆ ಮುಗಿದ ಮೇಲೆ ಆ ಕೆಲಸ ಎಂದು ನಿಶ್ಚಯವಾಗಿತ್ತು.

ಆದರೆ ಮದುವೆಯ ಚಿತ್ರಗಳೆಲ್ಲ ಕೆಟ್ಟವು. ನಡುವೆ ಕೂತ ಅಕ್ಕ ಭಾವ ಮಂಜಿನಲ್ಲಿದ್ದ ಹಾಗೆ. ಅಂಚಿನಲ್ಲಿ ನಿಂತ ನೆಂಟರಿಗೆ ಮುಖವೇ ಇಲ್ಲ, ಕರಗಿದ ಬೆಣ್ಣೆ. ಅಪ್ಪ ಕ್ಯಾಮೆರಾ ತೆರೆದು ಮಂಜುಗಾಜಿನಲ್ಲಿ ನೋಡಿದರು. ಅಲ್ಲೂ ಮಸುಕು. "ನನ್ನ ಕಣ್ಣು ಹೋಯಿತು" ಎಂದರು. ಶಿವಮೊಗ್ಗಕ್ಕೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದು ಮತ್ತೆ ನೋಡಿದರು. ಆಗಲೂ ಮಸುಕೇ. ಕ್ಯಾಮೆರಾವನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. 1964ರಲ್ಲಿ ಅಣೆಕಟ್ಟು ಮುಗಿಯಿತು, ನೀರು ಏರಿತು. ಅಮ್ಮನ ತವರುಮನೆಯ ಒಂದೇ ಒಂದು ಚಿತ್ರವೂ ನಮ್ಮಲ್ಲಿ ಇಲ್ಲ.

ಮಕ್ಕಳೇ, ಈ ಕತೆಯಲ್ಲಿ ನಾನೊಂದು ಮಾತನ್ನು ಬಿಟ್ಟಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಗೋಪುರದ ಕಾರ್ಖಾನೆ

ಡ್ರೆಸ್ಡೆನ್ ನಗರ ಎಲ್ಬೆ ನದಿಯ ಎರಡೂ ದಡದಲ್ಲಿದೆ. 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಊರಿನ ನಡುಭಾಗ ಸುಟ್ಟುಹೋಗಿತ್ತು. ಈಗ ಕಟ್ಟಿರುವ ಚರ್ಚುಗಳಲ್ಲಿ ಹಳೆಯ ಕಪ್ಪು ಕಲ್ಲು, ಹೊಸ ಬಿಳಿ ಕಲ್ಲು ಪಕ್ಕ ಪಕ್ಕ ಕಾಣುತ್ತವೆ. ಊರ ತುಂಬ ಹಳದಿ ಟ್ರಾಮುಗಳು. ಪೂರ್ವಕ್ಕೆ ಹೋಗುವ ಟ್ರಾಮು ಹತ್ತಿ ಪೋಲಾಂಡ್‌ಪ್ಲಾಟ್ಸ್ ಎಂಬಲ್ಲಿ ಇಳಿದರೆ ಸ್ಟ್ರೀಸನ್ ಬಡಾವಣೆಯ ಮನೆಗಳ ನಡುವೆ ಒಂದು ಗೋಪುರ ಕಾಣುತ್ತದೆ. ದೇವಸ್ಥಾನದ್ದಲ್ಲ, ಕಾರ್ಖಾನೆಯದು. ಹೈನ್ರಿಶ್ ಎರ್ನೆಮಾನ್ ಎಂಬಾತ 1889ರಲ್ಲಿ ಡ್ರೆಸ್ಡೆನ್‌ನಲ್ಲಿ ಸಣ್ಣದಾಗಿ ಶುರುಮಾಡಿದ ಕ್ಯಾಮೆರಾ ಕೆಲಸ ಬೆಳೆದು ಈ ಗೋಪುರದವರೆಗೆ ಬಂತು. 1926ರಲ್ಲಿ ಎರ್ನೆಮಾನ್ ಮತ್ತು ಇನ್ನು ಕೆಲವು ಕಂಪನಿಗಳು ಸೇರಿ 'ಜೈಸ್ ಇಕಾನ್' ಆಯಿತು. ಯುದ್ಧದ ನಂತರ ಪೂರ್ವ ಜರ್ಮನಿಯ 'ಪೆಂಟಕಾನ್' ಕ್ಯಾಮೆರಾಗಳೂ ಈ ಊರಿನವೇ. ಪೆಂಟಕಾನ್ ಗುರುತನ್ನು ಗಮನಿಸಿದವರಿಗೆ ಗೊತ್ತು, ಅದು ಇದೇ ಗೋಪುರದ ಚಿತ್ರ.

ಈಗ ಆ ಕಟ್ಟಡ ಡ್ರೆಸ್ಡೆನ್‌ನ ತಾಂತ್ರಿಕ ಸಂಗ್ರಹಾಲಯ. ಒಳಗೆ ಮಕ್ಕಳಿಗಾಗಿ 'ಗಣಿತದ ಅನುಭವಲೋಕ' ಎಂಬ ವಿಭಾಗವಿದೆ. ಎಲ್ಲವನ್ನೂ ಮುಟ್ಟಿ, ಎಳೆದು, ಜೋಡಿಸಿ ಗಣಿತ ಕಲಿಯಬಹುದು. ಪುಟ್ಟಿ ನನ್ನನ್ನು ಕರೆದುಕೊಂಡು ಹೋದದ್ದು ಅದಕ್ಕಾಗಿ. ನಾನು ಹೋದದ್ದು ಕ್ಯಾಮೆರಾಗಳಿಗಾಗಿ. ಇಬ್ಬರೂ ಒಪ್ಪಂದ ಮಾಡಿಕೊಂಡೆವು: ಮೊದಲು ಅವಳ ಗಣಿತ, ಆಮೇಲೆ ನನ್ನ ಗಾಜು.

ಆದರೆ ಗಾಜಿನಲ್ಲೂ ಗಣಿತ ಬಂತು. ಕ್ಯಾಮೆರಾಗಳ ಕೋಣೆಯ ಬೆಂಚಿನ ಮೇಲೆ ಕುಳಿತು ನಮ್ಮ ಪೆಟ್ಟಿಗೆ ತೆರೆದೆವು. ಲೆನ್ಸಿನ ಸುತ್ತಲಿನ ಉಂಗುರದ ಮೇಲೆ ಇರುವೆ ಸಾಲಿನಂಥ ಅಕ್ಷರಗಳು. ನಾನು ಬ್ಯಾಂಕಿನಲ್ಲಿ 36 ವರ್ಷ ಚೆಕ್ಕುಗಳ ಸಹಿ ನೋಡಿದವನು. ಕಣ್ಣಿಗೆ ಭೂತಗನ್ನಡಿ ಹಿಡಿದು ಒಂದೊಂದೇ ಓದಿ ಪುಟ್ಟಿಗೆ ಬರೆಸಿದೆ. ಮೊದಲು ಹೆಸರು: 'ಡಿಟೆಕ್ಟಿವ್ ಅಪ್ಲಾನಾಟ್'. "ಅಜ್ಜಾ, ಪತ್ತೇದಾರ!" ಎಂದು ಪುಟ್ಟಿ ಕುಣಿದಳು. ಆ ಕಾಲದಲ್ಲಿ ಕೈಯಲ್ಲಿ ಹಿಡಿದು ಯಾರಿಗೂ ತಿಳಿಯದಂತೆ ಚಿತ್ರ ತೆಗೆಯಬಲ್ಲ ಕ್ಯಾಮೆರಾಗಳಿಗೆ ಪತ್ತೇದಾರ ಕ್ಯಾಮೆರಾ ಎನ್ನುತ್ತಿದ್ದರು. ಆಮೇಲೆ 1:6.8 ಎಂಬ ಅಂಕಿ. ಅದರ ಪಕ್ಕ 135 ಮಿಲಿಮೀಟರ್. ಕೊನೆಗೆ ಕಾರ್ಖಾನೆಯ ಕ್ರಮಸಂಖ್ಯೆ, ನೋಟಿನ ಮೇಲಿರುವ ಹಾಗೆ.

135 ಎಂದರೆ ದೂರದ ವಸ್ತು ಸ್ಪಷ್ಟವಾಗಿ ಮೂಡಲು ಲೆನ್ಸಿನಿಂದ ಗಾಜಿನ ತಟ್ಟೆಗೆ ಇರಬೇಕಾದ ಅಂತರ. ಪುಟ್ಟಿ ತನ್ನ ಸ್ಕೇಲು ತೆಗೆದು, ದೂರದ ಮನೆಯ ಚಾವಣಿಯನ್ನು ಮಂಜುಗಾಜಿಗೆ ತಂದು ಅಳೆದಳು. ಹದಿಮೂರೂವರೆ ಸೆಂಟಿಮೀಟರಿನ ಆಸುಪಾಸು. 1:6.8 ಎಂದರೆ ಆ 135ನ್ನು 6.8ರಿಂದ ಭಾಗಿಸಿ. ಸುಮಾರು 20 ಮಿಲಿಮೀಟರ್ ಬರುತ್ತದೆ. ಬೆಳಕು ನುಗ್ಗುವ ಅತಿ ದೊಡ್ಡ ಕಿಂಡಿಯ ಅಗಲ ಅದು. ಸಣ್ಣ ಕಡ್ಡಿಯನ್ನು ಸರಿಸಿದರೆ ಕಿಂಡಿ 9, 12.5, 18, 25, 36 ಎಂದು ಕಿರಿದಾಗುತ್ತದೆ. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು; ಒಂದೊಂದು ಮೆಟ್ಟಿಲಿಗೂ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಈಗಿನ ಕ್ಯಾಮೆರಾಗಳ 8, 11, 16, 22 ಎಂಬ ಸಾಲಿಗಿಂತ ಇದು ಬೇರೆ. ಹಳೆಯ ಯುರೋಪಿನ ಲೆನ್ಸುಗಳಲ್ಲಿ ಇಂಥ ಸಾಲು ಕಂಡರೆ ಗಾಬರಿಯಾಗಬೇಡಿ.

ಇನ್ನೊಂದು ಲೆಕ್ಕ ಪುಟ್ಟಿಗೆ ತುಂಬ ಹಿಡಿಸಿತು. ಲೆನ್ಸು ಈ ಕ್ಯಾಮೆರಾದ್ದೇ ಹೌದೋ, ಯಾರೋ ಬೇರೆ ಕ್ಯಾಮೆರಾದ್ದನ್ನು ತಂದು ಸಿಕ್ಕಿಸಿದ್ದೋ ನೋಡುವುದು ಹೇಗೆ? ತಟ್ಟೆಯ ಮೂಲೆಯಿಂದ ಮೂಲೆಗೆ ಅಳೆಯಬೇಕು. 9ರ ವರ್ಗ 81, 12ರ ವರ್ಗ 144, ಕೂಡಿದರೆ 225. ಅದರ ವರ್ಗಮೂಲ ಸರಿಯಾಗಿ 15. ಸಾಮಾನ್ಯವಾಗಿ ಲೆನ್ಸಿನ ಸಂಖ್ಯೆ ಈ 15 ಸೆಂಟಿಮೀಟರಿಗೆ ಹತ್ತಿರವಿರುತ್ತದೆ. ಹದಿಮೂರೂವರೆಯೂ ಸರಿಯೇ. ಅದೇ ಏಳೋ ಎಂಟೋ ಸೆಂಟಿಮೀಟರ್ ಇದ್ದರೆ ಬಹುಪಾಲು ಬೇರೆ ಕ್ಯಾಮೆರಾದಿಂದ ಬಂದದ್ದು. ಆಗ ಮಂಜುಗಾಜಿನ ನಾಲ್ಕು ಮೂಲೆಗಳೂ ಕತ್ತಲಾಗಿ ಕಾಣುತ್ತವೆ. ನಮ್ಮದರ ಮೂಲೆಗಳಲ್ಲಿ ಬೆಳಕಿತ್ತು.

ದೀಪ ಎಣಿಸಿದ ಅಜ್ಜಿ

ನಮ್ಮ ಗಲಾಟೆ ಕೇಳಿ ಪಕ್ಕದ ಬೆಂಚಿನಲ್ಲಿದ್ದ ಬಿಳಿಗೂದಲಿನ ಅಜ್ಜಿಯೊಬ್ಬರು ಹತ್ತಿರ ಬಂದರು. ಪೂರ್ವ ಜರ್ಮನಿಯ ಕಾಲದಲ್ಲಿ ಕ್ಯಾಮೆರಾ ಕಾರ್ಖಾನೆಯಲ್ಲಿ ಲೆನ್ಸು ಜೋಡಿಸುತ್ತಿದ್ದವರಂತೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು. ಪುಟ್ಟಿ ನಡುವೆ ನಿಂತು ಕನ್ನಡ ಜರ್ಮನ್ ಎರಡನ್ನೂ ಬಡಿಸಿದಳು.

"ಇದು ಜೈಸ್ ಲೆನ್ಸು ಎಂದು ನನ್ನ ಅಪ್ಪ ಹೇಳುತ್ತಿದ್ದರು" ಎಂದೆ. ಅಜ್ಜಿ ನಕ್ಕು, ಫೋನಿನ ದೀಪ ಹಚ್ಚಿ ಲೆನ್ಸಿನ ಮುಂದೆ ಓರೆಯಾಗಿ ಹಿಡಿದರು. "ಒಳಗೆ ಎಷ್ಟು ದೀಪ ಕಾಣುತ್ತವೆ, ಎಣಿಸು" ಎಂದು ಪುಟ್ಟಿಗೆ ಹೇಳಿದರು. ಗಾಜಿನ ಪ್ರತಿಯೊಂದು ಮೈಯೂ ಸ್ವಲ್ಪ ಕನ್ನಡಿಯೇ. ಗಾಜು ಗಾಳಿಗೆ ತಾಗುವ ಕಡೆ ಪ್ರಕಾಶವಾದ ಪ್ರತಿಬಿಂಬ. ಎರಡು ಗಾಜುಗಳನ್ನು ಅಂಟಿಸಿದ ಕಡೆ ಮಂದವಾದ ಪ್ರತಿಬಿಂಬ. ಮುಂದಿನ ಭಾಗದಲ್ಲಿ ಪುಟ್ಟಿಗೆ ಕಂಡದ್ದು ಎರಡು ಪ್ರಕಾಶದ ದೀಪ, ಒಂದು ಮಂದ ದೀಪ. ಅಂದರೆ ಎರಡು ಗಾಜು ಅಂಟಿಸಿ ಮಾಡಿದ ಒಂದು ಬಿಲ್ಲೆ. ಅದೇ ಜೈಸ್‌ನ ಹೆಸರಾಂತ 'ಟೆಸ್ಸಾರ್' ಆಗಿದ್ದರೆ ಮುಂದಿನ ಭಾಗದಲ್ಲಿ ಬಿಡಿಬಿಡಿಯಾದ ಎರಡು ಗಾಜು, ಹಾಗಾಗಿ ನಾಲ್ಕು ಪ್ರಕಾಶದ ದೀಪ ಕಾಣಬೇಕಿತ್ತು. ಟೆಸ್ಸಾರನ್ನು ಪೌಲ್ ರುಡಾಲ್ಫ್ ಎಂಬಾತ 1902ರಲ್ಲಿ ಜೈಸ್ ಕಂಪನಿಗೆ ರಚಿಸಿದ್ದು. ಅಪ್ಲಾನಾಟ್ ಅದಕ್ಕಿಂತ ಹಿರಿಯ. 1866ರಲ್ಲಿ ಮ್ಯೂನಿಕ್‌ನ ಸ್ಟೈನ್‌ಹೈಲ್ ಮತ್ತು ಲಂಡನ್ನಿನ ಡಾಲ್ಮೆಯರ್ ಇಬ್ಬರೂ ಒಂದೇ ವರ್ಷ ಹೆಚ್ಚುಕಡಿಮೆ ಒಂದೇ ಬಗೆಯ ಲೆನ್ಸನ್ನು ಹೊರತಂದರು. ನಡುವೆ ಕಿಂಡಿ, ಅದರ ಹಿಂದೆ ಮುಂದೆ ಅವಳಿ ಬಿಲ್ಲೆಗಳು. ಕಟ್ಟಡದ ಗೋಡೆ, ಕಿಟಕಿಗಳ ನೇರ ಗೆರೆಗಳನ್ನು ಅದು ಬಾಗಿಸುವುದಿಲ್ಲ.

"ಹಾಗಾದರೆ ಜೈಸ್ ಅಲ್ಲ" ಎಂದಳು ನನ್ನಾಕೆ. ನನಗೆ ಒಂದು ಕ್ಷಣ ಮುಖ ಬಾಡಿತು. ಅಮ್ಮನ ಎರಡು ಬಳೆ! ಆದರೆ ಅಜ್ಜಿ ಹೇಳಿದರು: "ಎರ್ನೆಮಾನ್ ಎಂದು ಮಾತ್ರ ಬರೆದಿರುವುದರಿಂದ ಇದು 1926ಕ್ಕಿಂತ ಮೊದಲಿನದು. ಆಮೇಲೆ ಈ ಕಾರ್ಖಾನೆ ಜೈಸ್ ಇಕಾನ್ ಹೆಸರಿಗೆ ಬಂತು. ನಿಮ್ಮ ತಂದೆಗೆ ಮಾರಿದವನು ಸುಳ್ಳು ಹೇಳಿದ್ದಲ್ಲ, ಸ್ವಲ್ಪ ಅವಸರ ಮಾಡಿದ್ದು." ನಾವೆಲ್ಲ ನಕ್ಕೆವು. ಹೊರಡುವಾಗ ಅವರು ಪುಟ್ಟಿಯ ಕೆನ್ನೆ ತಟ್ಟಿ, "ಹಿಂದಿನ ಬಿಲ್ಲೆಯನ್ನೂ ಮನೆಯಲ್ಲಿ ಬಿಚ್ಚಿ ನೋಡು. ಅದು ಮುಂದಿನದರ ಅವಳಿ. ಎರಡೂ ಒಂದೇ ತರಹ ಕಾಣಬೇಕು" ಎಂದರು.

ಚಮಚದ ಹೊಟ್ಟೆ, ಚಮಚದ ಬೆನ್ನು

ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಊಟದ ಮೇಜಿನ ಮೇಲೆ ಟವೆಲ್ ಹಾಸಿ ಲೆನ್ಸಿನ ಮುಂದಿನ ಗೂಡು, ಹಿಂದಿನ ಗೂಡು ಎರಡನ್ನೂ ಕೈಯಿಂದಲೇ ತಿರುಗಿಸಿ ಬಿಚ್ಚಿದೆವು. ಪುಟ್ಟಿ ಎರಡನ್ನೂ ಹೊರಮೈ ಮೇಲೆ ಬರುವಂತೆ ಪಕ್ಕ ಪಕ್ಕ ಇಟ್ಟು ದೀಪ ಎಣಿಸಿದಳು. ಎರಡರಲ್ಲೂ ಎರಡು ಪ್ರಕಾಶ, ಒಂದು ಮಂದ. "ಅವಳಿಗಳೇ" ಎಂದೆ. ಅವಳು ಸುಮ್ಮನಾಗಲಿಲ್ಲ.

"ಅಜ್ಜಾ, ಈ ಗಾಜಿನಲ್ಲಿ ಕಿಟಕಿ ನೆಟ್ಟಗಿದೆ. ಆ ಗಾಜಿನಲ್ಲಿ ಕಿಟಕಿ ತಲೆಕೆಳಗು!"

ನೋಡಿದೆ. ಹೌದು. ಪುಟ್ಟಿ ಓಡಿಹೋಗಿ ಊಟದ ಚಮಚ ತಂದಳು. ಚಮಚದ ಬೆನ್ನಿನಲ್ಲಿ ನಿಮ್ಮ ಮುಖ ನೆಟ್ಟಗೆ ಕಾಣುತ್ತದೆ, ಹೊಟ್ಟೆಯಲ್ಲಿ ತಲೆಕೆಳಗಾಗಿ ಕಾಣುತ್ತದೆ. ನೀವೂ ಈಗಲೇ ನೋಡಬಹುದು. ಅಂದರೆ ಮುಂದಿನ ಬಿಲ್ಲೆ ಹೊರಕ್ಕೆ ಉಬ್ಬಿದೆ, ಹಿಂದಿನದು ಒಳಕ್ಕೆ ತಗ್ಗಿದೆ. ಅವಳಿ ಲೆನ್ಸಿನಲ್ಲಿ ಎರಡು ಉಬ್ಬುಗಳೂ ಹೊರಗೇ ಇರಬೇಕು, ನೀರು ಮೊಗೆಯಲು ಜೋಡಿಸಿದ ಎರಡು ಅಂಗೈಗಳ ಬೆನ್ನಿನ ಹಾಗೆ. ಹಿಂದಿನದನ್ನು ಯಾರೋ ತಿರುವಿ ಹಾಕಿದ್ದಾರೆ.

ಗಾಜನ್ನು ಹಿಡಿದಿದ್ದ ಹಿತ್ತಾಳೆ ಉಂಗುರದ ಮೇಲೆ ಎರಡು ಸಣ್ಣ ಕಚ್ಚುಗಳು, ಅವುಗಳ ಸುತ್ತ ಗೀಚು. ಪುಟ್ಟಿ ಕೇಳಿದಳು, "ಇದನ್ನು ಯಾರು ಗೀಚಿದ್ದು?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಆ ಗೀಚು ಯಾವುದರದ್ದೆಂದು ನನಗೆ ಗೊತ್ತಿತ್ತು. ಕಂಪಾಸು ಪೆಟ್ಟಿಗೆಯ ಕೈವಾರದ ಮುಳ್ಳಿನದು. ಆ ಕೈವಾರ ನನ್ನದು.

ಮಕ್ಕಳೇ, ಬಿಟ್ಟಿದ್ದ ಮಾತು ಇದು. ಅಕ್ಕನ ಮದುವೆಗೆ ವಾರವಿದ್ದಾಗ, ಹನ್ನೆರಡು ವರ್ಷದ ನಾನು, ಅಪ್ಪ ಶಾಲೆಗೆ ಹೋಗಿದ್ದಾಗ ಲೆನ್ಸನ್ನು 'ಒರೆಸಿ ಹೊಳಪು ಮಾಡಲು' ಬಿಚ್ಚಿದ್ದೆ. ಉಂಗುರ ತಿರುಗಿಸುತ್ತಲೇ ಗಾಜು ಅಂಗೈಗೆ ಬಿತ್ತು. ಎದೆ ಹೊಡೆದುಕೊಂಡಿತು. ಅಪ್ಪ ಬರುವ ಹೊತ್ತಾಗಿತ್ತು. ಹೇಗೆ ಕೂರುತ್ತದೋ ಹಾಗೆ ಕೂರಿಸಿ ಬಿಗಿದುಬಿಟ್ಟೆ. ಮದುವೆಯ ಚಿತ್ರ ಕೆಟ್ಟಾಗ ನನಗೆ ಅನುಮಾನ ಬಂದಿತ್ತು. ಹೇಳಲಿಲ್ಲ. ಅಪ್ಪ ಕನ್ನಡಕಕ್ಕೆ ಹೋದಾಗಲೂ ಹೇಳಲಿಲ್ಲ. ಟ್ರಂಕಿನ ಮುಚ್ಚಳ ಬಿದ್ದ ಮೇಲೆ, ಇನ್ನು ಹೇಳಿ ಏನು ಎಂದುಕೊಂಡೆ. ಅಪ್ಪ 1984ರಲ್ಲಿ ತೀರಿಕೊಂಡರು, ಅಮ್ಮ ಅದಕ್ಕೂ ಆರು ವರ್ಷದ ಮೇಲೆ.

ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಪರದೇಶದ ಅಡುಗೆಮನೆಯಲ್ಲಿ, ಹೆಂಡತಿ, ಮಗಳು, ಮೊಮ್ಮಗಳ ಮುಂದೆ ಮೊದಲ ಸಲ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪುಟ್ಟಿ ಕೇಳಿದಳು: "ಈಗ ತಿರುವಿ ಹಾಕಿದರೆ ಸರಿಯಾಗುತ್ತಾ?"

ಎರಡು ಆನೆ

ಸರಿಯಾಯಿತು. ಈ ಸಲ ಕೈವಾರ ಬಳಸಲಿಲ್ಲ. ಮಗಳು ಇಂಥದ್ದಕ್ಕೇ ಮಾಡಿದ ಎರಡು ಮೊನೆಯ ಸಲಕರಣೆ ಎರವಲು ತಂದಳು. ಗಾಜಿನ ಅಂಚಿನ ಮೇಲೆ ಪೆನ್ಸಿಲ್ಲಿನಿಂದ ಸಣ್ಣ ಬಾಣದ ಗುರುತು ಹಾಕಿ, ಬಿಲ್ಲೆಯನ್ನು ತಿರುವಿ, ಉಬ್ಬು ಹೊರಕ್ಕೆ ಬರುವಂತೆ ಕೂರಿಸಿದೆವು. ಕಪ್ಪು ಬಟ್ಟೆಯ ಬದಲು ನನ್ನಾಕೆಯ ಶಾಲು ಹೊದ್ದು ಮಂಜುಗಾಜು ನೋಡಿದೆ. ಎದುರು ಮನೆಯ ಹೆಂಚುಗಳು ತಲೆಕೆಳಗಾಗಿ, ಆದರೆ ಒಂದೊಂದೂ ಎಣಿಸುವಷ್ಟು ಚೊಕ್ಕವಾಗಿ ಮೂಡಿದ್ದವು, ಅಂಚಿನವರೆಗೂ. ಅಪ್ಪನ ಕಣ್ಣು ಕೊನೆಯವರೆಗೂ ಚೆನ್ನಾಗಿಯೇ ಇತ್ತು.

ಈಗ ಗಾಜಿನ ತಟ್ಟೆಗಳು ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೊಂದು ಅಗ್ಗದ ಉಪಾಯವಿದೆ: ಫೋಟೊ ಮುದ್ರಿಸುವ ಕಾಗದ. ಅದನ್ನು ಕೆಂಪು ದೀಪದಲ್ಲಿ 9ಕ್ಕೆ 12ರ ಅಳತೆಗೆ ಕತ್ತರಿಸಿ, ಹಿಂದೆ ಗಾಜಿನಷ್ಟು ದಪ್ಪದ ರಟ್ಟು ಕೊಟ್ಟು ತಟ್ಟೆಯ ಹೋಲ್ಡರಿನಲ್ಲಿ ಇಡಬಹುದು. ಕಾಗದ ಬಹಳ ಸೋಮಾರಿ, ಅದಕ್ಕೆ ಬೆಳಕು ಹೆಚ್ಚು ಬೇಕು. ಮೋಡದ ದಿನ ಕಿಂಡಿಯನ್ನು 18ಕ್ಕೆ ಇಟ್ಟರೆ ಸುಮಾರು ಎರಡು ಸೆಕೆಂಡು ತೆರೆದಿರಬೇಕು. 135ನ್ನು 18ರಿಂದ ಭಾಗಿಸಿದರೆ ಏಳೂವರೆ ಮಿಲಿಮೀಟರ್, ಅಷ್ಟೇ ಕಿಂಡಿ. ಕ್ಯಾಮೆರಾ ಅಲುಗದಂತೆ ಸ್ಟ್ಯಾಂಡ್ ಬೇಕೇ ಬೇಕು.

ಸ್ಟ್ರೀಸನ್‌ನಿಂದ ನಡೆದುಹೋಗುವಷ್ಟು ದೂರದಲ್ಲಿ ಎಲ್ಬೆ ನದಿಗೆ ಒಂದು ಉಕ್ಕಿನ ಸೇತುವೆ ಇದೆ. 1893ರಲ್ಲಿ ಕಟ್ಟಿದ್ದು, ತಿಳಿನೀಲಿ ಬಣ್ಣ. ಜನ ಅದನ್ನು 'ನೀಲಿ ಅಚ್ಚರಿ' ಎನ್ನುತ್ತಾರೆ. ಅದರ ಕೆಳಗಿನ ಹುಲ್ಲಿನ ದಡದಲ್ಲಿ ನನ್ನಾಕೆಯನ್ನೂ ಪುಟ್ಟಿಯನ್ನೂ ನಿಲ್ಲಿಸಿದೆ. ಮಂಜುಗಾಜಿನಲ್ಲಿ ಸ್ಪಷ್ಟ ಮಾಡಿಕೊಂಡೆ. ಲೆನ್ಸಿನ ಬಾಗಿಲು ಮುಚ್ಚಿದೆ. ಮಂಜುಗಾಜು ತೆಗೆದು ಹೋಲ್ಡರ್ ಸಿಕ್ಕಿಸಿದೆ. ಅದರ ತಗಡಿನ ಮುಚ್ಚಳ ಎಳೆದೆ. ಈ ಕ್ರಮ ತಪ್ಪಿದರೆ ಕಾಗದ ಕಪ್ಪಾಗುತ್ತದೆ. ಮೊದಲ ಕಾಗದಕ್ಕೆ ಆದದ್ದೂ ಅದೇ, ಬಾಗಿಲು ಮುಚ್ಚುವುದನ್ನು ಮರೆತಿದ್ದೆ. ಎರಡನೆಯ ಸಲ ಪುಟ್ಟಿ ಕೂಗಿ ನೆನಪಿಸಿದಳು. "ಒಂದು ಆನೆ, ಎರಡು ಆನೆ" ಎಂದು ಎಣಿಸಿ ಗುಂಡಿ ಬಿಟ್ಟೆ. ಆನೆ ಎಂದು ಸೇರಿಸಿದರೆ ಸೆಕೆಂಡು ಸರಿಯಾಗುತ್ತದೆ, ಅದು ಅಪ್ಪನ ಲೆಕ್ಕ.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ದೀಪ ಹಚ್ಚಿ, ಮೂರು ತಟ್ಟೆಗಳಲ್ಲಿ ದ್ರಾವಣ ತುಂಬಿದೆವು. ಬಿಳಿ ಕಾಗದದ ಮೇಲೆ ಮೊದಲು ಆಕಾಶ ಕಪ್ಪಾಗಿ ಬಂತು, ಆಮೇಲೆ ಸೇತುವೆ. ಎಲ್ಲವೂ ತಿರುಗುಮುರುಗು: ಬೆಳಕು ಕತ್ತಲು, ಕತ್ತಲು ಬೆಳಕು. ಒಣಗಿದ ಮೇಲೆ ಇನ್ನೊಂದು ಕಾಗದಕ್ಕೆ ಮುಖಕ್ಕೆ ಮುಖ ಒತ್ತಿ, ಮೇಲೆ ಗಾಜಿಟ್ಟು, ಕೊಂಚ ಬೆಳಕು ಕೊಟ್ಟು ಮುದ್ರಿಸಿದಾಗ ನಿಜವಾದ ಚಿತ್ರ ಬಂತು. ಅದರಲ್ಲೊಂದು ತಮಾಷೆ. ನೀಲಿ ಸೇತುವೆ ಬೆಳ್ಳಗಾಗಿತ್ತು, ನನ್ನಾಕೆಯ ಕೆಂಪು ಕುಂಕುಮ ಕಪ್ಪಗೆ! ಕೆಂಪು ಬೆಳಕು ಆ ಕಾಗದಕ್ಕೆ ಕಾಣುವುದೇ ಇಲ್ಲ. ಅದಕ್ಕೇ ಅಲ್ಲವೆ ಕೆಂಪು ದೀಪದಲ್ಲಿ ಕೆಲಸ ಮಾಡಲು ಬಿಡುವುದು. ಹಳೆಯ ಎಷ್ಟೋ ಫೋಟೊಗಳಲ್ಲಿ ನಮ್ಮ ಅಜ್ಜಿಯರ ಕುಂಕುಮ, ಎಲೆಯಡಿಕೆ ತಿಂದ ತುಟಿ ಅಷ್ಟು ಕಪ್ಪಾಗಿ ಕಾಣುವುದು ಇದೇ ಕಾರಣಕ್ಕೆ.

ಚಿತ್ರ ನೋಡಿ ಮಗಳು, "ನಾವೂ ಇದನ್ನೇ ಮಾಡೋದಪ್ಪ" ಎಂದಳು. ಚಿಪ್ ಕಾರ್ಖಾನೆಯಲ್ಲೂ ಲೆನ್ಸುಗಳ ಮೂಲಕ ಬೆಳಕು ಹಾಯಿಸಿ, ಬೆಳಕಿಗೆ ಸ್ಪಂದಿಸುವ ಲೇಪನ ಬಳಿದ ಸಿಲಿಕಾನ್ ತಟ್ಟೆಯ ಮೇಲೆ ಗೆರೆ ಮೂಡಿಸುತ್ತಾರಂತೆ.

ನಿಮ್ಮ ಅಟ್ಟದಲ್ಲೂ ಒಂದಿದ್ದರೆ

ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಪೆಟ್ಟಿಗೆ ಸಿಕ್ಕರೆ ಗುಜರಿಗೆ ಹಾಕುವ ಮೊದಲು ಅಜ್ಜ ಮೊಮ್ಮಕ್ಕಳು ಜೊತೆಯಾಗಿ ಕುಳಿತು ಹೀಗೆ ಮಾಡಿ.

ಉಂಗುರದ ಅಕ್ಷರಗಳನ್ನು ಪೂರ್ತಿ ಬರೆದುಕೊಳ್ಳಿ. ಡಿ.ಆರ್.ಪಿ. ಎಂದಿದ್ದರೆ ಅದು ಜರ್ಮನ್ ಪೇಟೆಂಟಿನ ಗುರುತು, ಲೆನ್ಸಿನ ಹೆಸರಲ್ಲ. ಜೈಸ್ ಹೆಸರಿನ ಜೊತೆ ಲಂಡನ್ನಿನ ರಾಸ್ ಅಥವಾ ಅಮೆರಿಕದ ಬಾಶ್ ಅಂಡ್ ಲಾಂಬ್ ಎಂದಿದ್ದರೆ, ಜೈಸ್‌ನಿಂದ ಪರವಾನಗಿ ಪಡೆದು ಅವರು ಮಾಡಿದ್ದು, ನಕಲಿ ಅಲ್ಲ. ಅಕ್ಷರ ಓದಿದ ಮೇಲೆ ದೀಪ ಎಣಿಸಿ. ಚೆಕ್ಕಿನ ಮೇಲೆ ಹೆಸರಿದ್ದರೆ ಸಾಲದು, ಸಹಿಯೂ ಹೊಂದಬೇಕಲ್ಲವೆ? ಪ್ರತಿಬಿಂಬ ಬೆಳ್ಳಗಿದ್ದರೆ ಲೇಪನವಿಲ್ಲದ ಹಳೆಯ ಗಾಜು. ನೀಲಿ, ನೇರಳೆ ಛಾಯೆ ಇದ್ದರೆ ಬಹುಪಾಲು ಎರಡನೆಯ ಮಹಾಯುದ್ಧದ ಕಾಲದ್ದು ಅಥವಾ ಆಮೇಲಿನದು. ಲೇಪನವಿಲ್ಲದ ಲೆನ್ಸಿಗೆ ಸೂರ್ಯನ ಬೆಳಕು ನೇರವಾಗಿ ಬಿದ್ದರೆ ಚಿತ್ರ ಪೇಲವವಾಗುತ್ತದೆ. ಟೋಪ ಹಿಡಿದು ನೆರಳು ಮಾಡಿ.

ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನ ಉಂಗುರಗಳು ಕಂಡರೆ ಅಂಟು ಬಿಡುತ್ತಿದೆ ಎಂದರ್ಥ, ಆದರೂ ಚಿತ್ರ ಬರಬಹುದು. ಬೂದಿ, ಟೂತ್‌ಪೇಸ್ಟ್, ಸಾಬೂನು ಯಾವುದರಿಂದಲೂ ಉಜ್ಜಬೇಡಿ. ಧೂಳನ್ನು ಮೆತ್ತನೆಯ ಕುಂಚದಿಂದ ಕೊಡವಿ. ಬೆಳಕಿನ ಬಾಗಿಲು ಸಿಕ್ಕಿಕೊಂಡಿದ್ದರೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅದರ ತಗಡುಗಳು ಒಣಗಿಯೇ ಓಡಾಡಬೇಕು. ಗಾಜು ಬಿಚ್ಚಲೇಬೇಕಾದರೆ ಯಾವುದು ಮುಂದೆ, ಯಾವುದು ಹಿಂದೆ, ಉಬ್ಬು ಯಾವ ಕಡೆ ಎಂದು ಮೊದಲೇ ಗುರುತು ಹಾಕಿ. ಮತ್ತು, ದೊಡ್ಡವರು ಇಲ್ಲದಾಗ ಬಿಚ್ಚಿದ್ದು ಕೆಟ್ಟರೆ, ಅಂದು ಸಂಜೆಯೇ ಹೇಳಿಬಿಡಿ. ಬೈಗುಳ ಹತ್ತು ನಿಮಿಷ ಇರುತ್ತದೆ, ಅಷ್ಟೇ.

ಹಿನ್ನೀರಿನ ದಡ

ಊರಿಗೆ ಬಂದ ವಾರದಲ್ಲೇ ಸಾಗರಕ್ಕೆ ಅಕ್ಕನ ಮನೆಗೆ ಹೋದೆ. ಅವಳಿಗೀಗ ಎಂಬತ್ತೆರಡು. ಭಾವ ತೀರಿಕೊಂಡು ನಾಲ್ಕು ವರ್ಷ. ಕ್ಯಾಮೆರಾ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಕೈವಾರ, ಗಾಜು, ಅಪ್ಪನ ಕನ್ನಡಕ. ಅವಳು ಕೊನೆಯವರೆಗೂ ಕೇಳಿ, "ಅಪ್ಪನಿಗೆ ಹೇಳಬೇಕಿತ್ತು ಕಣೋ" ಎಂದಳು. ಅಷ್ಟೇ. ಒಳಗೆ ಹೋದಳು. ನನಗೆ ಎದ್ದು ಹೋಗಿಬಿಡಲೇ ಎನಿಸಿತು. ಸ್ವಲ್ಪ ಹೊತ್ತಿಗೆ ಜರಿಯಂಚಿನ ಸೀರೆ ಉಟ್ಟು ಬಂದಳು. "ಅರವತ್ತು ವರ್ಷ ತಡವಾಗಿ ಬಂದಿದ್ದೀಯ ಫೋಟೊದವನೇ. ನಡೆ, ಅಮ್ಮನ ತವರಿಗೆ ಹೋಗೋಣ."

ಹಿನ್ನೀರಿನ ದಡಕ್ಕೆ ಹೋದೆವು. ಮಳೆ ಹಿಡಿಯುವ ಮುಂಚಿನ ದಿನಗಳು, ನೀರು ಬಹಳ ಕೆಳಗಿಳಿದಿತ್ತು. ಕೆಂಪು ಮಣ್ಣಿನಲ್ಲಿ ಮುಳುಗಿ ಎದ್ದ ಮರದ ಬೊಡ್ಡೆಗಳು. ಮನೆ ಇದ್ದ ಜಾಗ ಇನ್ನೂ ಒಳಗೆ, ನೀರಿನಡಿ. ಅಕ್ಕ ದಡದಲ್ಲಿ ನಿಂತು, "ಅಗೋ, ಆ ಗುಡ್ಡದ ತುದಿಗೆ ನೇರವಾಗಿ. ಅಲ್ಲಿ ಅಂಗಳ, ಅದರ ಹಿಂದೆ ಹಲಸಿನ ಮರ" ಎಂದು ಕೈ ತೋರಿಸಿದಳು. ನಾನು ಕ್ಯಾಮೆರಾವನ್ನು ನೀರಿನ ಕಡೆ ತಿರುಗಿಸಿದೆ. ಅವಳು ಚಿತ್ರದ ಬಲ ಅಂಚಿಗೆ ಬಂದಳು. "ಕೈ ಇಳಿಸಬೇಡ, ಅಲುಗಬೇಡ" ಎಂದೆ. ಒಂದು ಆನೆ, ಎರಡು ಆನೆ.

ಆ ಚಿತ್ರ ಈಗ ನಮ್ಮ ನಡುಮನೆಯಲ್ಲಿದೆ. ಪುಟ್ಟಿಗೂ ಒಂದು ಪ್ರತಿ ಕಳಿಸಿದ್ದೇನೆ. ಅದರಲ್ಲಿ ಮನೆ ಇಲ್ಲ, ನೀರಿದೆ, ಗುಡ್ಡವಿದೆ, ಒಂದು ಚಾಚಿದ ಕೈ ಇದೆ. ಅಂಚಿನಲ್ಲಿ ನಿಂತ ಅಕ್ಕನ ಮುಖದ ಒಂದೊಂದು ಸುಕ್ಕೂ ಸ್ಪಷ್ಟವಾಗಿ ಬಂದಿದೆ.